ಬೀರುವಿನ ಬೀಗ ತೆಗೆಸುವ ಲೆಕ್ಕ

ಶಾಲಾ ಗ್ರಂಥಾಲಯದ ಎರವಲು ವ್ಯವಸ್ಥೆಯನ್ನು ಡಿಜಿಟಲ್ ಮಾಡಲು ಹೊರಟವರಿಗೊಂದು ಕೈಪಿಡಿ

ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕರು ಸಿಗುವುದು ಅಪರೂಪ. ಗ್ರಂಥಾಲಯದ ‘ಚಾರ್ಜ್’ ಯಾರೋ ಒಬ್ಬ ಶಿಕ್ಷಕರ ಹೆಗಲಿಗೆ ಬಿದ್ದಿರುತ್ತದೆ. ಪಾಠ, ಹಾಜರಾತಿ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ಮಾಹಿತಿ ತುಂಬುವ ಸ್ಯಾಟ್ಸ್ ಜಾಲತಾಣದ ನಮೂದುಗಳ ನಡುವೆ ಇದೂ ಒಂದು ಕೆಲಸ. ವರ್ಗಾವಣೆ ಬಂದಾಗ ದಾಖಲಾತಿ ವಹಿಯಲ್ಲಿರುವ ಪುಸ್ತಕಗಳನ್ನೆಲ್ಲ ಎಣಿಸಿ ಮುಂದಿನವರಿಗೆ ಒಪ್ಪಿಸಬೇಕು. ಒಂದು ಕಡಿಮೆ ಬಿದ್ದರೂ ಉತ್ತರ ಹೇಳಬೇಕಾದವರು ಅವರೇ. ಹೀಗಾಗಿ ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳು ಬೀರುವಿನೊಳಗೆ ಭದ್ರವಾಗಿರುತ್ತವೆ, ಮಕ್ಕಳ ಕೈಗೆ ಮಾತ್ರ ಬರುವುದಿಲ್ಲ.

ಈ ಹಿಂಜರಿಕೆಯನ್ನು ಅಸಡ್ಡೆ ಎಂದು ತಳ್ಳಿಹಾಕುವುದು ಅನ್ಯಾಯ. ಯಾವ ಪುಸ್ತಕ ಯಾರ ಬಳಿ ಇದೆ ಎಂದು ಕೂಡಲೇ ಹೇಳಬಲ್ಲ ಲೆಕ್ಕ ಕೈಯಲ್ಲಿಲ್ಲದವರಿಗೆ ಭಯವಾಗುವುದು ಸಹಜ. ಎರವಲನ್ನು ಡಿಜಿಟಲ್ ಮಾಡುವುದರ ಮೊದಲ ಪ್ರಯೋಜನ ಇರುವುದು ಇಲ್ಲಿಯೇ. ಕಂಪ್ಯೂಟರ್ ಬಂದರೆ ಶಾಲೆ ಆಧುನಿಕವಾಗಿ ಕಾಣುತ್ತದೆ ಎಂಬುದು ಆಮೇಲಿನ ಮಾತು. ಪುಸ್ತಕ ಕೊಡುವವರಿಗೆ ಧೈರ್ಯ ಬರುತ್ತದೆ ಎಂಬುದು ಮುಖ್ಯ.

ಈ ಧೈರ್ಯಕ್ಕೆ ನಿಯಮದ ಬೆಂಬಲವೂ ಇದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಾವಳಿಯ 215ನೇ ನಿಯಮ ಗ್ರಂಥಾಲಯದ ಪುಸ್ತಕಗಳಿಗೆ ಸಂಬಂಧಿಸಿದ್ದು. ವರ್ಷದಲ್ಲಿ ಎರವಲು ಹೋದ ಅಥವಾ ಅಲ್ಲೇ ಕುಳಿತು ಓದಿದ ಪ್ರತಿ 1,000 ಪುಸ್ತಕಗಳಿಗೆ 5 ಕಳೆದುಹೋದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದರೆ, ಅದನ್ನು ಸಹಜ ನಷ್ಟವೆಂದು ಈ ನಿಯಮ ಒಪ್ಪುತ್ತದೆ. ರೂ. 1,000ಕ್ಕಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನಷ್ಟದ ಮಿತಿಯನ್ನು ಅಳೆಯುವುದು ಬೀರುವಿನಲ್ಲಿರುವ ಪುಸ್ತಕಗಳ ಮೇಲಲ್ಲ, ಬಳಕೆಯಾದ ಪುಸ್ತಕಗಳ ಮೇಲೆ. ವರ್ಷಕ್ಕೆ 2,000 ಎರವಲುಗಳನ್ನು ದಾಖಲಿಸಿದ ಗ್ರಂಥಾಲಯಕ್ಕೆ 10 ಪುಸ್ತಕಗಳ ವಿನಾಯಿತಿ ಸಿಗುತ್ತದೆ. ಎರವಲನ್ನು ಬರೆದಿಡದ ಗ್ರಂಥಾಲಯಕ್ಕೆ ತೋರಿಸಲು ಏನೂ ಇರುವುದಿಲ್ಲ. ಇದು ಕೇಂದ್ರೀಯ ವಿದ್ಯಾಲಯ, ನವೋದಯದಂಥ ಕೇಂದ್ರದ ಸಂಸ್ಥೆಗಳ ನಿಯಮ. ರಾಜ್ಯದ ಶಾಲೆಗಳು ತಮ್ಮ ಇಲಾಖೆಯ ನಿಯಮವನ್ನೇ ಪಾಲಿಸಬೇಕು. ಆದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ, ಲೆಕ್ಕಪರಿಶೋಧಕರ ಎದುರಿನಲ್ಲಿ ಮಾತಿಗೆ ಆಧಾರವಾಗಿ ಇದನ್ನು ಇಟ್ಟುಕೊಳ್ಳಬಹುದು.

ನಲವತ್ತು ನಿಮಿಷದ ಪೀರಿಯಡ್

ಎರಡನೆಯ ಪ್ರಯೋಜನ ಸಮಯದ್ದು. ಗ್ರಂಥಾಲಯದ ಪೀರಿಯಡ್ 40 ನಿಮಿಷ, ತರಗತಿಯಲ್ಲಿ 40 ಮಕ್ಕಳು ಎಂದಿಟ್ಟುಕೊಂಡರೆ, ಮರಳಿದ ಪುಸ್ತಕದ ನಮೂದನ್ನು ಹೊಡೆದುಹಾಕಿ ಹೊಸದನ್ನು ವಿತರಣಾ ವಹಿಯಲ್ಲಿ ಬರೆಯಲು ಒಬ್ಬೊಬ್ಬರಿಗೆ ಒಂದೇ ನಿಮಿಷ ಹಿಡಿದರೂ ಪೀರಿಯಡ್ ಮುಗಿದೇಹೋಗುತ್ತದೆ. ಪುಸ್ತಕ ಆರಿಸಲು, ಮುಖಪುಟ ನೋಡಿ ಕುತೂಹಲಪಡಲು, ಗೆಳೆಯನ ಕೈಯಲ್ಲಿರುವುದು ಏನೆಂದು ಕೇಳಲು ಸಮಯ ಉಳಿಯುವುದಿಲ್ಲ. ಬಾರ್‌ಕೋಡ್ ಓದುವ ಸಾಧನವಿದ್ದರೆ ಒಬ್ಬ ವಿದ್ಯಾರ್ಥಿಯ ಕೆಲಸ ಕೆಲವೇ ಸೆಕೆಂಡುಗಳದ್ದು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಪುಸ್ತಕರೂಪದಲ್ಲಿ ಮುಂದಿಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸುವ ಕುರಿತದ್ದೇ. ತಮಿಳುನಾಡಿನಲ್ಲಿ ಹುಟ್ಟಿದ ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿಯೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ನಿಧನರಾದದ್ದೂ ಇದೇ ಊರಿನಲ್ಲಿ.

ಯಾವ ತಂತ್ರಾಂಶ?

ತಂತ್ರಾಂಶದ ಆಯ್ಕೆ ಶಾಲೆಯ ಗಾತ್ರಕ್ಕೆ ತಕ್ಕಂತಿರಬೇಕು. ಮೂರು ದಾರಿಗಳಿವೆ, ಮೂರಕ್ಕೂ ಪರವಾನಗಿ ಶುಲ್ಕ ಕೊಡಬೇಕಿಲ್ಲ.

ಒಂದು ಸಾವಿರದೊಳಗಿನ ಪುಸ್ತಕಗಳಿರುವ ಶಾಲೆಗೆ ಸ್ಪ್ರೆಡ್‌ಶೀಟ್ ಸಾಕು. ಗೂಗಲ್ ಶೀಟ್ಸ್ ಆಗಬಹುದು. ಇಂಟರ್‌ನೆಟ್ ನೆಚ್ಚುವಂತಿಲ್ಲದ ಕಡೆ ಲಿಬ್ರೆಆಫೀಸ್ ಕ್ಯಾಲ್ಕ್ ಆಗಬಹುದು. ಮೂರು ಹಾಳೆ ತೆರೆದರೆ ಆಯಿತು: ಪುಸ್ತಕಗಳು, ಓದುಗರು, ವಹಿವಾಟು. ವಹಿವಾಟಿನ ಹಾಳೆಯಲ್ಲಿ ಕೊಟ್ಟ ದಿನಾಂಕ, ಓದುಗರ ಸಂಖ್ಯೆ, ಪುಸ್ತಕದ ಸಂಖ್ಯೆ, ವಾಯಿದೆ ದಿನಾಂಕ, ಮರಳಿದ ದಿನಾಂಕ ಎಂಬ ಐದು ಕಾಲಂಗಳು. ಸಂಖ್ಯೆ ನಮೂದಿಸಿದೊಡನೆ ವಿದ್ಯಾರ್ಥಿಯ ಹೆಸರು ಮತ್ತು ಪುಸ್ತಕದ ಶೀರ್ಷಿಕೆಯನ್ನು ಬೇರೆ ಹಾಳೆಗಳಿಂದ ಎಳೆದು ತೋರಿಸಲು ವಿ-ಲುಕಪ್ ಸೂತ್ರ ಇದೆ. ಕೊಟ್ಟ ದಿನಾಂಕಕ್ಕೆ 7 ಅಥವಾ 14 ಕೂಡಿಸಿದರೆ ವಾಯಿದೆ ತಾನೇ ಬರುತ್ತದೆ. ವಾಯಿದೆ ದಾಟಿದರೂ ಮರಳಿದ ದಿನಾಂಕ ಖಾಲಿಯಿದ್ದರೆ ಸಾಲು ಕೆಂಪಾಗುವಂತೆ ಹೊಂದಿಸಬಹುದು. ಪುಸ್ತಕ ವಾಪಸು ಬಂತೆಂದು ಸಾಲನ್ನು ಅಳಿಸಬಾರದು, ಮರಳಿದ ದಿನಾಂಕವನ್ನಷ್ಟೇ ತುಂಬಬೇಕು. ವರ್ಷದ ಕೊನೆಗೆ ಆ ಹಳೆಯ ಸಾಲುಗಳೇ ಶಾಲೆಯ ಓದಿನ ಇತಿಹಾಸವಾಗುತ್ತವೆ.

ಎರಡನೆಯ ದಾರಿ ಇ-ಗ್ರಂಥಾಲಯ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, ರೂಪಿಸಿದ ಈ ತಂತ್ರಾಂಶ ಸರ್ಕಾರಿ ಗ್ರಂಥಾಲಯಗಳಿಗೆ ಉಚಿತ. ಅನೇಕ ಕೇಂದ್ರೀಯ ವಿದ್ಯಾಲಯಗಳು ಇದನ್ನು ಬಳಸಿವೆ. ಇದರ ನಾಲ್ಕನೇ ಆವೃತ್ತಿ ಇಂಟರ್‌ನೆಟ್ ಮೂಲಕ ಕೆಲಸ ಮಾಡುತ್ತದೆ. ಮಾಹಿತಿ ಸರ್ವರ್‌ನಲ್ಲಿ ಇರುವುದರಿಂದ ಶಾಲೆಯ ಕಂಪ್ಯೂಟರ್ ಕೆಟ್ಟರೂ ಲೆಕ್ಕ ಉಳಿಯುತ್ತದೆ.

ಮೂರನೆಯದು ಕೋಹಾ. ಇದರ ಹುಟ್ಟು ಸಣ್ಣ ಊರುಗಳ ಗ್ರಂಥಾಲಯದಲ್ಲಿ ಆಯಿತು. ನ್ಯೂಜಿಲೆಂಡ್‌ನ ಹೊರೊವೆನುವಾ ಎಂಬ ಗ್ರಾಮೀಣ ಪ್ರದೇಶದ ಗ್ರಂಥಾಲಯ ಸಂಸ್ಥೆ ಬಳಸುತ್ತಿದ್ದ ಹಳೆಯ ತಂತ್ರಾಂಶ 2000ನೇ ಇಸವಿಯ ದಿನಾಂಕವನ್ನು ನಿಭಾಯಿಸುವಂತಿರಲಿಲ್ಲ. ಬದಲಿ ವ್ಯವಸ್ಥೆಯನ್ನು 1999ರಲ್ಲಿ ತನಗಾಗಿಯೇ ಬರೆಸಿಕೊಂಡ ಆ ಸಂಸ್ಥೆ, 2000ದ ಜನವರಿಯಲ್ಲಿ ಅದನ್ನು ಬಳಕೆಗೆ ತಂದಿತು. ಮೂಲ ಸಂಕೇತವನ್ನು ಜಗತ್ತಿಗೆ ಮುಕ್ತವಾಗಿ ಬಿಟ್ಟುಕೊಟ್ಟಿತು. ಇಂದು ಭಾರತದ ಎಷ್ಟೋ ವಿಶ್ವವಿದ್ಯಾಲಯ, ಕಾಲೇಜುಗಳ ಗ್ರಂಥಾಲಯಗಳು ಕೋಹಾದಲ್ಲಿ ನಡೆಯುತ್ತಿವೆ. ಕನ್ನಡದ ಪುಸ್ತಕಗಳನ್ನು ಕನ್ನಡ ಲಿಪಿಯಲ್ಲೇ ದಾಖಲಿಸಿ ಹುಡುಕಲು ಇದರಲ್ಲಿ ತೊಡಕಿಲ್ಲ. ಆದರೆ ಇದನ್ನು ಅನುಸ್ಥಾಪಿಸಲು ಲಿನಕ್ಸ್ ಬಲ್ಲವರು ಬೇಕು. ಒಂದೇ ಅನುಸ್ಥಾಪನೆಯಲ್ಲಿ ಹಲವು ಶಾಖೆಗಳನ್ನು ನಿರ್ವಹಿಸಬಹುದಾದ್ದರಿಂದ ಒಂದೊಂದು ಶಾಲೆ ಒದ್ದಾಡುವುದಕ್ಕಿಂತ ಒಂದು ಕ್ಲಸ್ಟರಿನ ಶಾಲೆಗಳು ಅಥವಾ ಒಂದೇ ಆಡಳಿತ ಮಂಡಳಿಯ ಶಾಲೆಗಳು ಕೂಡಿ ಹಾಕಿಕೊಳ್ಳುವುದು ಜಾಣತನ.

ಗೊಂದಲವಿದ್ದರೆ ಸ್ಪ್ರೆಡ್‌ಶೀಟಿನಿಂದಲೇ ಆರಂಭಿಸಬಹುದು. ಅಚ್ಚುಕಟ್ಟಾಗಿ ತುಂಬಿದ ಹಾಳೆಯ ಮಾಹಿತಿಯನ್ನು ಮುಂದೆ ದೊಡ್ಡ ತಂತ್ರಾಂಶಕ್ಕೆ ಸಾಗಿಸಲು ಸಾಧ್ಯ. ಗಲೀಜಾಗಿ ತುಂಬಿದ್ದನ್ನು ಯಾವ ತಂತ್ರಾಂಶವೂ ನೆಟ್ಟಗೆ ಮಾಡಲಾರದು.

ಕನ್ನಡದಲ್ಲಿ ನಮೂದು: ಎಡವುವ ಜಾಗಗಳು

ಕನ್ನಡ ಶಾಲೆಗಳ ಹೆಚ್ಚಿನ ಶ್ರಮ ವ್ಯರ್ಥವಾಗುವುದು ಈ ಹಂತದಲ್ಲಿ. ಮೊದಲ ನಿಯಮ: ನಮೂದು ಯೂನಿಕೋಡ್‌ನಲ್ಲೇ ಇರಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ್ದು ಪರದೆಯ ಮೇಲೆ ಕನ್ನಡದಂತೆ ಕಂಡರೂ ಕಂಪ್ಯೂಟರಿನೊಳಗೆ ಅದು ಇಂಗ್ಲಿಷ್ ಅಕ್ಷರಗಳ ಗೋಜಲು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಓದಲಾಗದು, ಹುಡುಕಿದರೆ ಸಿಗದು, ಅಕಾರಾದಿಯಲ್ಲಿ ಜೋಡಿಸಲೂ ಬಾರದು. ಈ ತಂತ್ರಾಂಶಗಳ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಆಯ್ಕೆ ಇದೆ, ಹಳೆಯ ಕಡತಗಳಿಗೆ ಪರಿವರ್ತಕಗಳೂ ಇವೆ. ಬೆರಳಚ್ಚು ಬಾರದವರು ಮೊಬೈಲಿನ ಕೀಲಿಮಣೆಯಲ್ಲಿ ಕನ್ನಡ ಧ್ವನಿ ಆಯ್ಕೆ ಮಾಡಿ, ಶೀರ್ಷಿಕೆಯನ್ನು ಓದಿ ಹೇಳಿ ತುಂಬಬಹುದು. ತುಂಬಿದ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು.

ಎರಡನೆಯದು ಹೆಸರುಗಳ ಏಕರೂಪ. ಒಬ್ಬರು ‘ಕುವೆಂಪು’ ಎಂದು, ಇನ್ನೊಬ್ಬರು ‘ಕೆ.ವಿ. ಪುಟ್ಟಪ್ಪ’ ಎಂದು ಬರೆದರೆ ಕಂಪ್ಯೂಟರಿಗೆ ಅವರು ಇಬ್ಬರು. ಪಂಜೆ ಮಂಗೇಶರಾಯ, ಪಂಜೆ ಮಂಗೇಶರಾವ್ ಎಂಬ ಎರಡು ರೂಪಗಳೂ ಚಾಲ್ತಿಯಲ್ಲಿವೆ. ಕೆ. ಶಿವರಾಮ ಕಾರಂತರನ್ನು ಕೋಟ ಶಿವರಾಮ ಕಾರಂತ ಎಂದೂ ಬರೆಯುವುದುಂಟು. ‘ಜಿ.ಪಿ. ರಾಜರತ್ನಂ’ ಎಂಬಲ್ಲಿ ಚುಕ್ಕಿಯ ನಂತರ ಜಾಗ ಬಿಡಬೇಕೆ, ಬೇಡವೇ ಎಂಬಷ್ಟು ಸಣ್ಣ ವ್ಯತ್ಯಾಸವೂ ಹುಡುಕಾಟವನ್ನು ಕೆಡಿಸುತ್ತದೆ. ಆದ್ದರಿಂದ ಮೊದಲ ದಿನವೇ ಲೇಖಕರ ಪಟ್ಟಿಯೊಂದನ್ನು ಮಾಡಿ, ಪ್ರತಿ ಲೇಖಕರಿಗೆ ಒಂದೇ ರೂಪ ನಿಗದಿಪಡಿಸಿ, ಅದರಿಂದಲೇ ಆಯ್ದು ತುಂಬಬೇಕು. ಶೀರ್ಷಿಕೆಯನ್ನು ಮುಖಪುಟದಿಂದ ತೆಗೆದುಕೊಳ್ಳದೆ ಒಳಗಿನ ಶೀರ್ಷಿಕೆ ಪುಟದಲ್ಲಿ ಇರುವಂತೆಯೇ ಬರೆಯುವುದು ಗ್ರಂಥಾಲಯಗಳ ರೂಢಿ.

ಮೂರನೆಯದು ಅಂಕಿಗಳು. ದಾಖಲಾತಿ ಸಂಖ್ಯೆಗೆ, ದಿನಾಂಕಕ್ಕೆ 0ರಿಂದ 9ರವರೆಗಿನ ಅಂಕಿಗಳನ್ನೇ ಬಳಸಬೇಕು. ಕನ್ನಡ ಅಂಕಿಯಲ್ಲಿ ಬರೆದದ್ದನ್ನು ಸ್ಪ್ರೆಡ್‌ಶೀಟು ಸಂಖ್ಯೆಯೆಂದು ಗುರುತಿಸದೆ ಲೆಕ್ಕ ತಪ್ಪಬಹುದು, ಸಾಮಾನ್ಯ ಬಾರ್‌ಕೋಡ್‌ಗಳಲ್ಲಿ ಅದು ಮುದ್ರಣವಾಗುವುದೂ ಇಲ್ಲ.

ಇನ್ನು ವರ್ಗೀಕರಣ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಶಾಲೆಯಲ್ಲಿರುವ ಕನ್ನಡದ ಕಥೆ, ಕವನ, ನಾಟಕ, ಕಾದಂಬರಿಗಳೆಲ್ಲ ಬಹುಮಟ್ಟಿಗೆ ಈ ಒಂದೇ ಸಂಖ್ಯೆಯಡಿ ಬಂದು ಕೂರುತ್ತವೆ. ಹಾಗಾಗಿ ಪ್ರಾಥಮಿಕ ಶಾಲೆಗೆ ಡ್ಯೂಯಿಗಿಂತ ಓದಿನ ಹಂತ ಹೆಚ್ಚು ಉಪಯುಕ್ತ. ಬೆಂಗಳೂರಿನ ಹಿಪ್ಪೊಕ್ಯಾಂಪಸ್ ರೀಡಿಂಗ್ ಫೌಂಡೇಶನ್ ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ ಎಂಬ ಆರು ಬಣ್ಣಗಳಲ್ಲಿ ಪುಸ್ತಕಗಳ ಹಂತ ಗುರುತಿಸುವ ಪದ್ಧತಿಯನ್ನು ರೂಪಿಸಿದೆ. ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳ ಮೇಲೆಯೇ ಹಂತವನ್ನು ಮುದ್ರಿಸುತ್ತದೆ. ಬೆನ್ನಿಗೊಂದು ಬಣ್ಣದ ಚುಕ್ಕಿ, ಸ್ಪ್ರೆಡ್‌ಶೀಟಿನಲ್ಲಿ ಅದಕ್ಕೊಂದು ಕಾಲಂ ಇದ್ದರೆ ಮಗು ತನಗೆ ಸಲ್ಲುವ ಪುಸ್ತಕವನ್ನು ತಾನೇ ಹುಡುಕಿಕೊಳ್ಳುತ್ತದೆ.

ಒಂದೊಂದು ಪ್ರತಿಗೂ ಒಂದು ಸಂಖ್ಯೆ

ಪುಸ್ತಕದ ಹಿಂಬದಿಯಲ್ಲಿ ಐಎಸ್‌ಬಿಎನ್ ಬಾರ್‌ಕೋಡ್ ಇದೆಯಲ್ಲ, ಅದನ್ನೇ ಬಳಸಿದರಾಗದೇ ಎಂಬ ಪ್ರಶ್ನೆ ಸಹಜ. ಆಗದು. 2007ರಿಂದ 13 ಅಂಕಿಗಳಾಗಿರುವ ಐಎಸ್‌ಬಿಎನ್ ಗುರುತಿಸುವುದು ಪ್ರಕಟಣೆಯನ್ನು; ಕೈಯಲ್ಲಿರುವ ಪ್ರತಿಯನ್ನಲ್ಲ. ಸರಬರಾಜಿನಲ್ಲಿ ಬಂದ ಒಂದೇ ಪುಸ್ತಕದ ಐದು ಪ್ರತಿಗಳಿಗೂ ಅದು ಒಂದೇ. ಯಾವ ಪ್ರತಿ ಯಾವ ಮಗುವಿನ ಬಳಿ ಇದೆ ಎಂದು ಅದರಿಂದ ತಿಳಿಯದು. ಜೊತೆಗೆ ಹಳೆಯ ಕನ್ನಡ ಪುಸ್ತಕಗಳಲ್ಲಿ ಬಹಳಷ್ಟಕ್ಕೆ ಐಎಸ್‌ಬಿಎನ್ ಇರುವುದೇ ಇಲ್ಲ.

ದಾಖಲಾತಿ ವಹಿಯಲ್ಲಿ ಈಗಾಗಲೇ ಇರುವ ಕ್ರಮಸಂಖ್ಯೆಯನ್ನೇ ಬಾರ್‌ಕೋಡ್ ಮಾಡಿಸುವುದು ಸರಿಯಾದ ಕ್ರಮ. ಹೊಸ ಸಂಖ್ಯಾಸರಣಿ ಹುಟ್ಟುಹಾಕಿದರೆ ಹಳೆಯ ವಹಿಗೂ ಕಂಪ್ಯೂಟರಿಗೂ ತಾಳೆಯಾಗದೆ ಗೊಂದಲ. ಚೀಟಿ ಮುದ್ರಿಸಲು ವಿಶೇಷ ಯಂತ್ರ ಬೇಡ. ಲಿಬ್ರೆ ಬಾರ್‌ಕೋಡ್ 39 ಎಂಬ ಉಚಿತ ಫಾಂಟ್ ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತದೆ. ಸಂಖ್ಯೆಯ ಹಿಂದೆ ಮುಂದೆ ಒಂದೊಂದು ನಕ್ಷತ್ರ ಚಿಹ್ನೆ ಹಾಕಿ ಆ ಫಾಂಟ್‌ಗೆ ಬದಲಿಸಿದರೆ ಬಾರ್‌ಕೋಡ್ ಸಿದ್ಧ. ಸಾಮಾನ್ಯ ಪ್ರಿಂಟರ್‌ನಲ್ಲಿ ಮುದ್ರಿಸಿ, ಕೆಳಗೆ ಸಂಖ್ಯೆಯನ್ನೂ ಕಾಣುವಂತೆ ಬರೆದು, ಎಲ್ಲ ಪುಸ್ತಕಗಳಿಗೂ ಒಂದೇ ಜಾಗದಲ್ಲಿ, ಉದಾಹರಣೆಗೆ ಹಿಂಬದಿ ರಟ್ಟಿನ ಒಳಮೈಯಲ್ಲಿ, ಅಂಟಿಸಬೇಕು. ಯುಎಸ್‌ಬಿ ಸ್ಕ್ಯಾನರ್ ಅಗ್ಗದ ಸಾಧನ. ಕಂಪ್ಯೂಟರಿಗೆ ಅದೊಂದು ಕೀಲಿಮಣೆ ಇದ್ದಂತೆ. ಸಂಖ್ಯೆಯನ್ನು ತಾನೇ ಟೈಪಿಸಿ ಎಂಟರ್ ಒತ್ತುತ್ತದೆ. ಅದೂ ಇಲ್ಲವಾದರೆ ಮೊಬೈಲ್ ಕ್ಯಾಮೆರಾ ಸಾಕು. ರೇಡಿಯೊ ತರಂಗದಿಂದ ಪುಸ್ತಕ ಗುರುತಿಸುವ ಆರ್‌ಎಫ್‌ಐಡಿ ಚಿಪ್ಪುಗಳಿಗೆ ಸಣ್ಣ ಶಾಲೆ ಹಣ ಸುರಿಯುವ ಅಗತ್ಯವಿಲ್ಲ. ಆ ಹಣದಲ್ಲಿ ಪುಸ್ತಕ ಕೊಳ್ಳುವುದು ಮೇಲು.

ಓದುಗರ ಕಾರ್ಡಿಗೆ ಹಾಜರಾತಿಯ ಕ್ರಮಸಂಖ್ಯೆ ಬೇಡ, ಅದು ವರ್ಷವರ್ಷವೂ ಬದಲಾಗುತ್ತದೆ. ಶಾಲೆಗೆ ಸೇರುವಾಗ ಕೊಡುವ ದಾಖಲಾತಿ ಸಂಖ್ಯೆ ಮಗು ಶಾಲೆ ಬಿಡುವವರೆಗೂ ಒಂದೇ ಆಗಿರುತ್ತದೆ. ಚಿಕ್ಕ ಮಕ್ಕಳು ಕಾರ್ಡ್ ಕಳೆದುಕೊಳ್ಳುವುದು ಖಚಿತವಾದ್ದರಿಂದ, ತರಗತಿಯ ಎಲ್ಲ ಮಕ್ಕಳ ಹೆಸರು ಮತ್ತು ಬಾರ್‌ಕೋಡ್ ಇರುವ ಒಂದೇ ಹಾಳೆಯನ್ನು ಮೇಜಿನ ಮೇಲೆ ಇಟ್ಟುಕೊಳ್ಳುವುದು ಸುಲಭ.

ಎಲ್ಲ ಮುಗಿಯುವವರೆಗೆ ಕಾಯಬಾರದು

ಒಂದು ಪುಸ್ತಕದ ನಮೂದಿಗೆ ಎರಡು ನಿಮಿಷ ಎಂದರೆ ಸಾವಿರ ಪುಸ್ತಕಕ್ಕೆ 33 ಗಂಟೆ. ಅಷ್ಟು ಹೊತ್ತು ಬಿಡುವು ಸಿಗುವವರೆಗೆ ಎರವಲು ನಿಲ್ಲಿಸಿದರೆ ಯೋಜನೆ ಅಲ್ಲಿಗೇ ನಿಲ್ಲುತ್ತದೆ. ಹೊರಗೆ ಹೋಗುವ ಪುಸ್ತಕವೇ ಮೊದಲು ನಮೂದಾಗಲಿ ಎಂಬ ಕ್ರಮ ಹೆಚ್ಚು ಫಲಕಾರಿ. ಮಗು ಆರಿಸಿದ ಪುಸ್ತಕ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಆಗಲೇ ಸೇರಿಸಿ ಕೊಡುವುದು. ಮಕ್ಕಳು ಮುಟ್ಟುವ ಪುಸ್ತಕಗಳೆಲ್ಲ ಹೀಗೆ ಕೆಲವೇ ತಿಂಗಳಲ್ಲಿ ಪಟ್ಟಿಗೆ ಬಂದುಬಿಡುತ್ತವೆ, ಉಳಿದವನ್ನು ನಿಧಾನವಾಗಿ ಸೇರಿಸಬಹುದು.

ಕೌಂಟರಿನ ಕೆಲಸವನ್ನು ಮಕ್ಕಳಿಗೇ ವಹಿಸಬಹುದು. ಬಹುತೇಕ ಶಾಲೆಗಳಲ್ಲಿ ಶಾಲಾ ಸಂಸತ್ತು ಇದೆ. ಅದರ ಗ್ರಂಥಾಲಯ ಮಂತ್ರಿಯೂ ಜೊತೆಗೆ ಆರು, ಏಳನೇ ತರಗತಿಯ ನಾಲ್ಕಾರು ಮಕ್ಕಳೂ ಸ್ಕ್ಯಾನ್ ಮಾಡುವುದನ್ನು ಬೇಗ ಕಲಿಯುತ್ತಾರೆ. ಆಗ ಶಿಕ್ಷಕರಿಗೆ ನಿಜವಾದ ಕೆಲಸಕ್ಕೆ, ಅಂದರೆ ಯಾವ ಮಗುವಿಗೆ ಯಾವ ಪುಸ್ತಕ ಹಿಡಿಸೀತು ಎಂದು ನೋಡುವುದಕ್ಕೆ, ಸಮಯ ಸಿಗುತ್ತದೆ.

ವಿದ್ಯುತ್ ಹೋಗುತ್ತದೆ, ನೆಟ್ ಕೈಕೊಡುತ್ತದೆ. ಪಕ್ಕದಲ್ಲೊಂದು ನೋಟ್‌ಬುಕ್ ಇರಲಿ. ಓದುಗರ ಸಂಖ್ಯೆ, ಪುಸ್ತಕದ ಸಂಖ್ಯೆ ಎರಡನ್ನೇ ಬರೆದುಕೊಂಡು ಆಮೇಲೆ ತುಂಬಿದರಾಯಿತು. ವಾರಕ್ಕೊಮ್ಮೆ ಕಡತದ ಪ್ರತಿಯೊಂದನ್ನು ಪೆನ್‌ಡ್ರೈವ್‌ಗೂ ಶಾಲೆಯ ಇಮೇಲ್‌ಗೂ ಹಾಕಬೇಕು. ಕಾಗದದ ದಾಖಲಾತಿ ವಹಿಯನ್ನು ಮಾತ್ರ ಬಿಡಬಾರದು, ಅದು ಶಾಲೆಯ ಆಸ್ತಿಪತ್ರ. ಕೈಬಿಡಬಹುದಾದದ್ದು ವಿತರಣಾ ವಹಿಯನ್ನಷ್ಟೇ. ಅದೂ ಒಂದು ಅವಧಿಯವರೆಗೆ ಎರಡನ್ನೂ ಜೊತೆಯಾಗಿ ನಡೆಸಿ ತಾಳೆ ನೋಡಿದ ಮೇಲೆ.

ದಂಡ, ಗೋಪ್ಯತೆ

ತಡವಾದರೆ ದಂಡ ಎಂಬ ನಿಯಮವನ್ನು ತಂತ್ರಾಂಶದಲ್ಲಿ ಸುಲಭವಾಗಿ ಅಳವಡಿಸಬಹುದು. ಪ್ರಾಥಮಿಕ ಶಾಲೆಯಲ್ಲಿ ಅದು ಬೇಡ. ಎರಡು ರೂಪಾಯಿ ಇಲ್ಲದ ಮಗು ಎರಡು ರೂಪಾಯಿ ಕೇಳುವ ಗ್ರಂಥಾಲಯಕ್ಕೆ ಮತ್ತೆ ಬರುವುದಿಲ್ಲ. ಪುಸ್ತಕ ಮರಳುವವರೆಗೆ ಹೊಸದು ಇಲ್ಲ ಎಂಬ ನಿಯಮವೇ ಸಾಕಷ್ಟು ಕೆಲಸ ಮಾಡುತ್ತದೆ.

ಮಗು ಏನು ಓದಿತು ಎಂಬುದು ಖಾಸಗಿ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರು ಮಕ್ಕಳು. ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆ ಎಂಬುದು ಕಾಯ್ದೆಯ ಮೂಲತತ್ವ. ಆದ್ದರಿಂದ ಹೆಸರು, ತರಗತಿ, ದಾಖಲಾತಿ ಸಂಖ್ಯೆ ಬಿಟ್ಟು ಬೇರೇನೂ ಬೇಡ. ಆಧಾರ್ ಸಂಖ್ಯೆ, ಜಾತಿ, ಪೋಷಕರ ಫೋನು ಗ್ರಂಥಾಲಯದ ಹಾಳೆಯಲ್ಲಿ ಇರಬಾರದು. ಗೂಗಲ್ ಶೀಟಿನ ಕೊಂಡಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ಪುಸ್ತಕ ಮರಳಿಸದವರ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಚ್ಚುವ ಅಭ್ಯಾಸವಿದ್ದರೆ ಅದನ್ನೂ ನಿಲ್ಲಿಸಬೇಕು.

ಲೆಕ್ಕ ಹೇಳುವ ಮೂರು ಸಂಗತಿ

ತಿಂಗಳಿಗೊಮ್ಮೆ ಮೂರು ಪ್ರಶ್ನೆಗಳಿಗೆ ಉತ್ತರ ತೆಗೆಯಬೇಕು. ಯಾವ ಪುಸ್ತಕ ಯಾವಾಗಲೂ ಹೊರಗೇ ಇರುತ್ತದೆ? ಅದರ ಇನ್ನೊಂದು ಪ್ರತಿ ತರಿಸಬೇಕು. ಯಾವುದು ವರ್ಷವಿಡೀ ಅಲುಗಿಲ್ಲ? ಅದನ್ನು ಕಣ್ಣಿಗೆ ಬೀಳುವ ಜಾಗಕ್ಕೆ ತರಬೇಕು, ಪ್ರಾರ್ಥನಾ ಸಭೆಯಲ್ಲಿ ಒಂದು ಪುಟ ಓದಿಸಬೇಕು. ಯಾವ ಮಗು ತಿಂಗಳಿಂದ ಒಂದೂ ಪುಸ್ತಕ ಒಯ್ದಿಲ್ಲ? ಆ ಮಗುವಿನ ಪಕ್ಕದಲ್ಲಿ ಕುಳಿತು ಮಾತಾಡಬೇಕು. ಓದಲು ಬಾರದೆ ಹಿಂದೆ ಸರಿಯುತ್ತಿರುವ ಮಗುವನ್ನು ಪರೀಕ್ಷೆಗೆ ಮೊದಲೇ ಗುರುತಿಸಲು ಇದು ಒಂದು ಮಾರ್ಗ.

ಸಮಗ್ರ ಶಿಕ್ಷಾ ಯೋಜನೆ 2018ರಲ್ಲಿ ಆರಂಭವಾದಾಗ ಸರ್ಕಾರಿ ಶಾಲೆಗಳಿಗೆ ಹಂತಕ್ಕನುಗುಣವಾಗಿ ವರ್ಷಕ್ಕೆ ರೂ. 5,000ದಿಂದ ರೂ. 20,000ದವರೆಗೆ ಗ್ರಂಥಾಲಯ ಅನುದಾನ ಘೋಷಿಸಲಾಗಿತ್ತು. ಅನುದಾನ ಬಂದಾಗ ಏನು ಕೊಳ್ಳಬೇಕು ಎಂದು ಮಾರಾಟಗಾರರ ಪಟ್ಟಿ ನೋಡುವುದಕ್ಕಿಂತ ಮಕ್ಕಳ ಎರವಲಿನ ಪಟ್ಟಿ ನೋಡುವುದು ಒಳ್ಳೆಯ ಆಯ್ಕೆಗೆ ದಾರಿ. ಬೇಡಿಕೆಯ ಪುಸ್ತಕಕ್ಕೆ ಹಣ ಸಾಲದಿದ್ದರೆ ಬೇರೆ ಬಾಗಿಲುಗಳಿವೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳನ್ನು ಮುಕ್ತ ಪರವಾನಗಿಯಡಿ ಇಳಿಸಿಕೊಂಡು ಮುದ್ರಿಸಬಹುದು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರಗೊಂಡ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಶಾಲೆಯಲ್ಲಿ ಸಿಗದ ಪುಸ್ತಕ ಅರಿವು ಕೇಂದ್ರ ಎಂದೂ ಕರೆಯುವ ಊರಿನ ಈ ಗ್ರಂಥಾಲಯದಲ್ಲಿ ಸಿಗಬಹುದು.

ಗ್ರಂಥಾಲಯದ ಹೊಣೆ ಹೊತ್ತ ಶಿಕ್ಷಕರಲ್ಲಿ ಒಂದು ವಿನಂತಿ. ಹೊಸ ಕಂಪ್ಯೂಟರಿಗಾಗಿ, ತರಬೇತಿಯ ಆದೇಶಕ್ಕಾಗಿ ಕಾಯುವುದು ಬೇಡ. ಐದನೇ ತರಗತಿಯೊಂದನ್ನೇ ಆರಿಸಿಕೊಂಡು, ನೂರು ಕಥೆ ಪುಸ್ತಕಗಳಿಗೆ ಸಂಖ್ಯೆ ಅಂಟಿಸಿ, ಒಂದು ಸ್ಪ್ರೆಡ್‌ಶೀಟ್ ತೆರೆದು ಈ ತಿಂಗಳೇ ಎರವಲು ಕೊಡಲು ಶುರುಮಾಡಿ. ಮುಂದಿನ ಎಸ್‌ಡಿಎಂಸಿ ಸಭೆಗೆ ಆ ಹಾಳೆಯ ಲೆಕ್ಕವನ್ನೇ, ಮಕ್ಕಳ ಹೆಸರು ಮತ್ತು ಸಂಖ್ಯೆ ಬಿಟ್ಟು, ಮುದ್ರಿಸಿ ಒಯ್ಯಿರಿ. ಎಷ್ಟು ಪುಸ್ತಕ ಹೋದವು, ಎಷ್ಟು ಮರಳಿದವು ಎಂದು ಪೋಷಕರೇ ಓದಿ ನೋಡಲಿ.